ಕ್ಲಬ್ಬಿನ ಪತ್ರಿಕೆಗೆ ಸದಸ್ಯರು ಏಕೆ ಬರೆಯುತ್ತಿಲ್ಲ?

ಪತ್ರಿಕೆಯ ಸಂಪಾದಕಿ:
ಎಲ್ಲರಿಗೂ ನಮಸ್ಕಾರ. ನಮ್ಮ ಶೂಟಿಂಗ್ ಕ್ಲಬ್ಬಿನ ಸದಸ್ಯರ ಪತ್ರಿಕೆಯ ಮುಂದಿನ ಸಂಚಿಕೆಗೆ ಈವರೆಗೆ ಕೈಸೇರಿರುವುದು ಸ್ಪರ್ಧೆಗಳ ಫಲಿತಾಂಶ, ಸಮಿತಿಯ ಸೂಚನೆಗಳು ಮತ್ತು ಅಂತರ್ಜಾಲದಿಂದ ಎತ್ತಿಕೊಂಡಿರುವುದು ಸ್ಪಷ್ಟವಾಗಿ ಕಾಣುವ ಎರಡು ಬರಹಗಳು ಮಾತ್ರ. ಪ್ರತಿ ಸಲವೂ ಬರೆಯುವವರು ಅದೇ ಮೂರು ನಾಲ್ಕು ಮಂದಿ, ಅವರಿಗೂ ಈಗ ದಣಿವಾಗಿದೆ. ಅಭ್ಯಾಸ ಮುಗಿಸಿ ರೈಫಲನ್ನು ಪೆಟ್ಟಿಗೆಗೆ ಇಡುವ ಹೊತ್ತಿನಲ್ಲಿ ನೀವು ಪರಸ್ಪರ ಆಡಿಕೊಳ್ಳುವ ಮಾತುಗಳಲ್ಲಿಯೇ ಒಂದು ಸಂಚಿಕೆ ತುಂಬುವಷ್ಟು ವಿಷಯ ಇರುತ್ತದೆ. ಅದನ್ನೇ ಬರೆದುಕೊಡಿ ಎಂದರೆ ‘ನನಗೇನು ಗೊತ್ತು, ಕೋಚ್ ಅವರನ್ನು ಕೇಳಿ’ ಎಂಬ ಉತ್ತರ ಬರುತ್ತದೆ. ನಿಜವಾದ ಅಡ್ಡಿ ಏನು? ಸಮಯವೇ, ಸಂಕೋಚವೇ ಅಥವಾ ಪತ್ರಿಕೆಯ ಮೇಲಿನ ಬೇಸರವೇ? ದಾಕ್ಷಿಣ್ಯವಿಲ್ಲದೆ ತಿಳಿಸಿ.

ಹಿರಿಯ ಸದಸ್ಯ:
ಮೇಡಂ, ಸಂಕೋಚವೇ ಮುಖ್ಯ ಕಾರಣ. ಪದಕ ಗೆದ್ದವರು ಮಾತ್ರ ಬರೆಯಬೇಕು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ.

ಐವತ್ತು ಮೀಟರ್:
ಹಿರಿಯರ ಮಾತನ್ನು ಒಪ್ಪುತ್ತೇನೆ, ಆದರೆ ಅದು ಅರ್ಧ ಕಾರಣ ಮಾತ್ರ. ಉಳಿದರ್ಧ, ಬರೆದದ್ದಕ್ಕೆ ಪತ್ರಿಕೆಯಲ್ಲಿ ಏನಾಗುತ್ತದೆ ಎಂಬ ಭಯ. ನಾನು ಹಿಂದೆ ಸದಸ್ಯನಾಗಿದ್ದ ಇನ್ನೊಂದು ಕ್ಲಬ್ಬಿನ ಪತ್ರಿಕೆಗೆ ಏರ್ ರೈಫಲ್ ಅಭ್ಯಾಸದ ಬಗ್ಗೆ ಒಂದು ಲೇಖನ ಕೊಟ್ಟಿದ್ದೆ. ಒಂದೇ ಸರಣಿಯಲ್ಲಿ ನನ್ನ ಹೊಡೆತಗಳು 10.0, 10.1ರ ಸುತ್ತ ಏಕೆ ನಿಂತುಬಿಡುತ್ತಿದ್ದವು, ಉಸಿರು ಬಿಟ್ಟ ಮೇಲೆ ಕಾಯುವ ಅವಧಿಯನ್ನು ಕಡಿಮೆ ಮಾಡಿದಾಗ ಅವು 10.4, 10.5ಕ್ಕೆ ಹೇಗೆ ಏರಿದವು ಎಂಬುದು ಇಡೀ ಲೇಖನದ ತಿರುಳಾಗಿತ್ತು. ಅಚ್ಚಾಗಿ ಬಂದಾಗ ದಶಮಾಂಶಗಳನ್ನೆಲ್ಲ ತೆಗೆದುಹಾಕಿ ಎಲ್ಲವನ್ನೂ 10 ಎಂದು ಮಾಡಿದ್ದರು. ನನಗೆ ಒಂದು ಮಾತನ್ನೂ ಕೇಳಿರಲಿಲ್ಲ. ಓದಿದವರಿಗೆ, ಎಲ್ಲವೂ ಹತ್ತೇ ಆಗಿರುವಾಗ ಈತನ ದೂರು ಏನು ಎಂದು ಅನಿಸಿರಬೇಕು. ಆ ಮೇಲೆ ನಾನು ಯಾವ ಪತ್ರಿಕೆಗೂ ಬರೆದಿಲ್ಲ.

ಹೊಸ ಸದಸ್ಯೆ:
ಕ್ಷಮಿಸಿ, ನಾನು ಇತ್ತೀಚೆಗಷ್ಟೇ ಸೇರಿದವಳು. 10.0 ಮತ್ತು 10.4ರ ನಡುವೆ ಅಷ್ಟು ವ್ಯತ್ಯಾಸವಿದೆಯೇ?

ಐವತ್ತು ಮೀಟರ್:
ಖಂಡಿತ ಇದೆ. ಹತ್ತು ಮೀಟರ್ ಏರ್ ರೈಫಲ್ ಟಾರ್ಗೆಟ್‌ನಲ್ಲಿ ಹತ್ತರ ಗುರುತು ಕೇವಲ 0.5 ಮಿಲಿಮೀಟರ್ ಅಗಲದ ಚುಕ್ಕೆ, ಪೆಲೆಟ್, ಅಂದರೆ ಏರ್ ರೈಫಲಿನ ಪುಟ್ಟ ಗುಂಡು, ಮಾತ್ರ 4.5 ಮಿಲಿಮೀಟರ್ ಅಗಲ. ಆದ್ದರಿಂದ ಪೆಲೆಟ್‌ನ ಅಂಚು ಆ ಚುಕ್ಕೆಯನ್ನು ಮುಟ್ಟಿದರೂ ಸಾಕು, ಹತ್ತು ಸಿಗುತ್ತದೆ. ಅಂದರೆ ಹೊಡೆತದ ಕೇಂದ್ರ ಟಾರ್ಗೆಟ್‌ನ ಕೇಂದ್ರದಿಂದ 2.5 ಮಿಲಿಮೀಟರ್ ದೂರದಲ್ಲಿದ್ದರೂ ಅದು 10.0. ಅಲ್ಲಿಂದ ಒಳಕ್ಕೆ ಪ್ರತಿ 0.25 ಮಿಲಿಮೀಟರಿಗೆ 0.1ರಂತೆ ಏರುತ್ತಾ ಗರಿಷ್ಠ 10.9ರವರೆಗೆ ಹೋಗುತ್ತದೆ. ಅರ್ಹತಾ ಸುತ್ತಿನ 60 ಹೊಡೆತಗಳಿಗೆ ಗರಿಷ್ಠ 654 ಎನ್ನುವುದು ಈ ಲೆಕ್ಕದಿಂದಲೇ. ಪ್ರತಿ ಹೊಡೆತದಲ್ಲಿ 0.4 ಕೈತಪ್ಪಿದರೆ ಒಟ್ಟಿನಲ್ಲಿ 24 ಅಂಕ ಹೋಯಿತು.

ಎಡಗೈ ಪಿಸ್ತೂಲು:
ಏರ್ ಪಿಸ್ತೂಲಿನ ಅರ್ಹತಾ ಸುತ್ತಿನಲ್ಲಿ ದಶಮಾಂಶ ಲೆಕ್ಕಕ್ಕಿಲ್ಲ, ಗರಿಷ್ಠ 600 ಮಾತ್ರ. ಅಲ್ಲಿ ಹತ್ತರ ವೃತ್ತವೇ 11.5 ಮಿಲಿಮೀಟರ್. ಹೊಸ ಸದಸ್ಯೆಯವರೇ, ನೀವು ಈಗ ಕೇಳಿದ ಪ್ರಶ್ನೆ ಮತ್ತು ಅವರು ಕೊಟ್ಟ ಉತ್ತರ ಎರಡನ್ನೂ ಹಾಗೆಯೇ ಪತ್ರಿಕೆಯಲ್ಲಿ ಹಾಕಬಹುದು. ಹೊಸಬರಲ್ಲಿ ಬಹಳ ಮಂದಿಗೆ ಈ ಸಂದೇಹ ಇರುತ್ತದೆ, ಕೇಳುವುದಕ್ಕೆ ಹಿಂಜರಿಯುತ್ತಾರೆ.

ಪತ್ರಿಕೆಯ ಸಂಪಾದಕಿ:
ಐವತ್ತು ಮೀಟರ್ ಅವರೇ, ನಿಮಗಾದ ನೋವು ಅರ್ಥವಾಗುತ್ತದೆ. ಇನ್ನು ಮುಂದೆ ತಿದ್ದಿದ ಪ್ರತಿಯನ್ನು ಲೇಖಕರಿಗೆ ತೋರಿಸಿ, ಅವರ ಒಪ್ಪಿಗೆ ಪಡೆಯದೆ ನಮ್ಮ ಪತ್ರಿಕೆಯಲ್ಲಿ ಏನೂ ಅಚ್ಚಾಗುವುದಿಲ್ಲ. ಕಾಗುಣಿತವನ್ನು ನಾನು ತಿದ್ದುತ್ತೇನೆ, ಆದರೆ ಸಂಖ್ಯೆಗಳನ್ನು ಮತ್ತು ಅಭಿಪ್ರಾಯವನ್ನು ಮುಟ್ಟುವುದಿಲ್ಲ.

ಕೋಚ್:
ಇಲ್ಲಿ ನನ್ನದೊಂದು ಆಕ್ಷೇಪವಿದೆ. ಅಭಿಪ್ರಾಯವನ್ನು ಮುಟ್ಟುವುದಿಲ್ಲ ಎಂಬ ನಿಯಮ ತಂತ್ರದ ವಿಷಯದ ಲೇಖನಗಳಿಗೆ ಸಲ್ಲದು. ಯಾರೋ ಒಬ್ಬರು ತಮಗೆ ಹೊಂದಿಕೊಂಡ ನಿಲುವನ್ನೇ ಎಲ್ಲರಿಗೂ ನಿಯಮ ಎಂಬಂತೆ ಬರೆಯುತ್ತಾರೆ, ಅದನ್ನು ಓದಿದ ಕಿರಿಯರು ಮರುದಿನವೇ ಪಾದಗಳ ಅಂತರ, ಮೊಣಕೈಯ ಜಾಗ, ಗುರಿ ನೋಡುವ ಹಿಂಬದಿಯ ಸೈಟಿನ ದೂರ ಎಲ್ಲವನ್ನೂ ಬದಲಾಯಿಸಿಕೊಂಡು ಬರುತ್ತಾರೆ. ಅದನ್ನು ಸರಿಪಡಿಸಲು ನನಗೆ ತಿಂಗಳುಗಳು ಬೇಕಾಗುತ್ತವೆ. ತಂತ್ರದ ಬಗ್ಗೆ ಬರೆಯುವ ಕೆಲಸವನ್ನು ತರಬೇತಿ ಪಡೆದವರಿಗೆ ಬಿಡುವುದು ಒಳ್ಳೆಯದು.

ಎಡಗೈ ಪಿಸ್ತೂಲು:
ಸರ್, ತಮ್ಮ ಮೇಲೆ ಗೌರವವಿದೆ. ಆದರೆ ಈ ಮಾತೇ ಸದಸ್ಯರ ಕೈ ಕಟ್ಟಿಹಾಕಿರುವುದು. ತಾವು ಬರೆಯುವುದಿಲ್ಲ, ನಾವು ಬರೆಯಬಾರದು ಎಂದಾದರೆ ಪತ್ರಿಕೆಯಲ್ಲಿ ಉಳಿಯುವುದೇನು?

ಕೋಚ್:
ನಾನು ಬರೆಯುವುದಿಲ್ಲ ಎಂದು ಹೇಳಿಲ್ಲ. ನನ್ನನ್ನು ಯಾರೂ ನಿರ್ದಿಷ್ಟವಾದ ಪ್ರಶ್ನೆ ಕೇಳಿಲ್ಲ. ‘ಏನಾದರೂ ಬರೆದುಕೊಡಿ ಸರ್’ ಎಂದರೆ ಏನು ಬರೆಯಲಿ?

ರೇಂಜ್ ಅಧಿಕಾರಿ:
ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ. ‘ಹೀಗೆ ಮಾಡಿ’ ಎಂದು ಬರೆಯುವುದು ಬೇರೆ, ‘ನಾನು ಹೀಗೆ ಮಾಡಿದೆ, ಹೀಗಾಯಿತು’ ಎಂದು ಬರೆಯುವುದು ಬೇರೆ. ಎರಡನೆಯದಕ್ಕೆ ಯಾರ ಅನುಮತಿಯೂ ಬೇಡ. ಒಬ್ಬ ಸದಸ್ಯರು ಇತ್ತೀಚೆಗೆ ನನಗೆ ತೋರಿಸಿದ ಅಭ್ಯಾಸದ ನೋಟ್‌ಬುಕ್ಕಿನ ಒಂದು ಪುಟವನ್ನು ಇಲ್ಲಿ ನೆನಪಿಸಿಕೊಳ್ಳುತ್ತೇನೆ. ಅವರ ಗ್ರೂಪ್, ಅಂದರೆ ಹೊಡೆತಗಳು ಬಿದ್ದ ಗುರುತುಗಳ ಗುಂಪು, ಚಿಕ್ಕದಾಗಿಯೇ ಇತ್ತು, ಆದರೆ ಪದೇ ಪದೇ ಬಲಕ್ಕೆ ಸರಿಯುತ್ತಿತ್ತು. ಸೈಟನ್ನು ತಿರುಗಿಸುವ ಮೊದಲು ಅವರು ರೈಫಲನ್ನು ಟಾರ್ಗೆಟ್‌ಗೆ ಹಿಡಿದು, ಕಣ್ಣು ಮುಚ್ಚಿ, ಒಮ್ಮೆ ಉಸಿರಾಡಿ, ಮೈಯನ್ನು ಸಡಿಲಬಿಟ್ಟು ಕಣ್ಣು ತೆರೆದು ನೋಡಿದರಂತೆ. ರೈಫಲ್ ತಾನಾಗಿಯೇ ಬಲಕ್ಕೆ ಹೋಗಿ ನಿಂತಿತ್ತು. ಅಂದರೆ ಅಷ್ಟು ಹೊತ್ತೂ ಅವರು ತೋಳಿನ ಬಲದಿಂದ ಅದನ್ನು ಎಡಕ್ಕೆ ಎಳೆದು ಹಿಡಿದಿದ್ದರು, ಟ್ರಿಗರ್ ಬಿಡುವ ಕ್ಷಣದಲ್ಲಿ ಆ ಎಳೆತ ಸಡಿಲಗೊಳ್ಳುತ್ತಿತ್ತು. ಪಾದಗಳ ನಿಲುವನ್ನು ಸ್ವಲ್ಪವೇ ತಿರುಗಿಸಿದ ಮೇಲೆ ಗ್ರೂಪ್ ಮಧ್ಯಕ್ಕೆ ಬಂತು. ಪುಟದ ಅಂಚಿನಲ್ಲಿ ಹಿಂದಿನ ಮತ್ತು ಈಗಿನ ಪಾದದ ಗುರುತುಗಳನ್ನು ಪೆನ್ಸಿಲಿನಲ್ಲಿ ಬಿಡಿಸಿದ್ದರು. ಆ ಒಂದು ಪುಟ ಹಾಗೆಯೇ ಅಚ್ಚಾದರೆ ಅದಕ್ಕಿಂತ ಒಳ್ಳೆಯ ಲೇಖನ ಬೇರೆ ಬೇಕಿಲ್ಲ. ಅದರಲ್ಲಿ ಯಾರಿಗೂ ಉಪದೇಶವಿಲ್ಲ, ಕಂಡದ್ದು ಮಾತ್ರ ಇದೆ.

ಕೋಚ್:
ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಇಂಥ ಪುಟದ ಕೆಳಗೆ ನನ್ನದೂ ನಾಲ್ಕು ಸಾಲಿನ ಟಿಪ್ಪಣಿ ಇರಲಿ ಎಂದರೆ ಸಂತೋಷದಿಂದ ಬರೆಯುತ್ತೇನೆ.

ಟ್ರ್ಯಾಪ್ ವಿಭಾಗ:
ರೈಫಲ್, ಪಿಸ್ತೂಲು, ಮತ್ತೆ ರೈಫಲ್! ಶಾಟ್‌ಗನ್ ವಿಭಾಗವೂ ಇದೇ ಕ್ಲಬ್ಬಿನಲ್ಲಿದೆ ಎಂಬುದನ್ನು ಪತ್ರಿಕೆ ಮರೆತಂತಿದೆ.

ಹಿರಿಯ ಸದಸ್ಯ:
ಶಾಟ್‌ಗನ್ ವಿಭಾಗದವರು ಬರೆದರೆ ತಾನೇ ಅಚ್ಚು ಹಾಕುವುದು?

ಟ್ರ್ಯಾಪ್ ವಿಭಾಗ:
ಬರೆಯುತ್ತೇವೆ ಸರ್. ಹಾರುವಾಗ ನಾವು ಹೊಡೆಯುವ ಮಣ್ಣಿನ ತಟ್ಟೆ 110 ಮಿಲಿಮೀಟರ್ ಅಗಲ, ಸುಮಾರು 105 ಗ್ರಾಂ ತೂಕ. ಟ್ರ್ಯಾಪ್‌ನಲ್ಲಿ ಪ್ರತಿ ನಿಲ್ದಾಣದ ಮುಂದೆ ಮೂರು ಯಂತ್ರಗಳಿದ್ದು, ಯಾವುದರಿಂದ ತಟ್ಟೆ ಹಾರುತ್ತದೆ ಎಂಬುದು ಶೂಟರ್‌ಗೆ ಮೊದಲೇ ತಿಳಿಯುವುದಿಲ್ಲ. ತಟ್ಟೆಗಾಗಿ ಕೂಗುವ ಮುನ್ನ ಕಣ್ಣನ್ನು ಎಲ್ಲಿ ನೆಡಬೇಕು ಎಂಬ ಒಂದೇ ವಿಷಯದ ಮೇಲೆ ನಮ್ಮಲ್ಲಿ ಪ್ರತಿ ವಾರ ವಾದ ನಡೆಯುತ್ತದೆ. ಆ ವಾದವನ್ನೇ ಇಬ್ಬರು ಸದಸ್ಯರ ಎರಡು ಪುಟ್ಟ ಲೇಖನಗಳಾಗಿ ಎದುರುಬದುರು ಪುಟಗಳಲ್ಲಿ ಹಾಕುವುದಾದರೆ ನಾನು ಒಂದು ಬದಿಯನ್ನು ವಹಿಸಿಕೊಳ್ಳುತ್ತೇನೆ.

ಪತ್ರಿಕೆಯ ಸಂಪಾದಕಿ:
ಎರಡು ಪುಟಗಳನ್ನು ಈಗಲೇ ಕಾದಿರಿಸಿದ್ದೇನೆ. ಎದುರು ಬದಿಯವರನ್ನು ನೀವೇ ಕರೆತನ್ನಿ.

ಅಂಕಪಟ್ಟಿ ನಿರ್ವಾಹಕ:
ಎಲ್ಲರೂ ಫಲಿತಾಂಶದ ಪುಟಗಳನ್ನು ಹಗುರವಾಗಿ ಕಾಣುತ್ತಿರುವುದು ನನಗೆ ಸರಿ ಅನಿಸುತ್ತಿಲ್ಲ. ಪತ್ರಿಕೆ ಬಂದ ಕೂಡಲೇ ಸದಸ್ಯರು ಮೊದಲು ತೆರೆಯುವುದು ಆ ಪುಟವನ್ನೇ. ಹಳೆಯ ಸಂಚಿಕೆಗಳ ಫಲಿತಾಂಶಗಳು ಇಲ್ಲದಿದ್ದರೆ ಕ್ಲಬ್ಬಿನ ದಾಖಲೆಗಳನ್ನು ಹುಡುಕಲು ಬೇರೆ ದಾರಿಯೇ ಇರುತ್ತಿರಲಿಲ್ಲ.

ಐವತ್ತು ಮೀಟರ್:
ಫಲಿತಾಂಶ ಬೇಡ ಎಂದು ಯಾರೂ ಹೇಳಿಲ್ಲ. ಆದರೆ ಹೊರಾಂಗಣದ 50 ಮೀಟರ್ ಸ್ಪರ್ಧೆಯ ಅಂಕಗಳನ್ನು ಮಾತ್ರ ಕೊಟ್ಟು, ಆ ದಿನ ಗಾಳಿ ಹೇಗಿತ್ತು ಎಂದು ಒಂದು ಸಾಲನ್ನೂ ಬರೆಯದಿದ್ದರೆ ಅಂಕಗಳಿಗೆ ಅರ್ಥವೇ ಬರುವುದಿಲ್ಲ. ಕಳೆದ ಸಂಚಿಕೆಯ ಲೇಖನವೊಂದರಲ್ಲಿ ಗಾಳಿ ಗುಂಡನ್ನು ಪಕ್ಕಕ್ಕೆ ಮಾತ್ರ ತಳ್ಳುತ್ತದೆ ಎಂದು ಬರೆದಿತ್ತು. ಅದು ಪೂರ್ಣವಲ್ಲ. ಬ್ಯಾರಲ್ಲಿನ ಒಳಗಿನ ಸುರುಳಿ ಬಲಕ್ಕೆ ತಿರುಗುವಂಥದ್ದಾದರೆ, ಬಲದಿಂದ ಬೀಸುವ ಗಾಳಿಗೆ ಗುಂಡು ಎಡಕ್ಕೆ ಹೋಗುವುದರ ಜೊತೆಗೆ ತುಸು ಮೇಲಕ್ಕೂ ಏರುತ್ತದೆ, ಎಡದಿಂದ ಬೀಸುವ ಗಾಳಿಗೆ ಬಲಕ್ಕೆ ಹೋಗುವುದರ ಜೊತೆಗೆ ತುಸು ಕೆಳಕ್ಕೂ ಇಳಿಯುತ್ತದೆ. ಹಾಗಾಗಿಯೇ ಗಾಳಿಯ ದಿನ ನಮ್ಮ ಗ್ರೂಪ್‌ಗಳು ಗಡಿಯಾರದ ಹತ್ತು ಗಂಟೆಯಿಂದ ನಾಲ್ಕು ಗಂಟೆಯ ಕಡೆಗೆ ಓರೆಯಾಗಿ ಹರಡಿಕೊಳ್ಳುತ್ತವೆ. ಸೈಟನ್ನು ಅಡ್ಡಕ್ಕೆ ಮಾತ್ರ ತಿರುಗಿಸಿದವರು ಮೇಲೆ ಕೆಳಗೆ ಅಂಕ ಕಳೆದುಕೊಳ್ಳುತ್ತಾರೆ.

ಅಂಕಪಟ್ಟಿ ನಿರ್ವಾಹಕ:
ಇದೇ ವಿವರವನ್ನು ಸಂಪಾದಕರಿಗೆ ಪತ್ರವಾಗಿ ಕಳುಹಿಸಬಹುದಾಗಿತ್ತಲ್ಲವೇ? ಪತ್ರಿಕೆಯಲ್ಲಿ ಅಚ್ಚಾದದ್ದನ್ನು ಪತ್ರಿಕೆಯಲ್ಲಿಯೇ ತಿದ್ದಬೇಕು, ಇಲ್ಲಿ ತಿದ್ದಿದರೆ ಇದನ್ನು ಓದದವರಿಗೆ ತಿಳಿಯುವುದಿಲ್ಲ. ಸ್ಪರ್ಧೆಯ ದಿನದ ಗಾಳಿ ಬೆಳಕಿನ ಬಗ್ಗೆ ಎರಡು ಸಾಲು ಸೇರಿಸುವ ಸಲಹೆ ನನಗೆ ಒಪ್ಪಿಗೆ.

ಹಳೆಯ ಸಂಚಿಕೆಗಳ ಓದುಗ:
ನನ್ನ ದೂರು ಚರಿತ್ರೆಯ ಲೇಖನಗಳ ಬಗ್ಗೆ. ಹಂಗೇರಿಯ ಕಾರೊಲಿ ಟಕಾಚ್ ಅವರ ಕಥೆ ನಮ್ಮ ಪತ್ರಿಕೆಯಲ್ಲಿ ಎಷ್ಟು ಬಾರಿ ಬಂದಿದೆ! ಅದೂ ತಪ್ಪಾಗಿ. ಹಿಂದಿನ ಸಂಚಿಕೆಯಲ್ಲಿ ಅವರು ಹುಟ್ಟಿನಿಂದಲೇ ಎಡಗೈ ಶೂಟರ್ ಎಂದು ಅಚ್ಚಾಗಿತ್ತು. ಅವರು ಬಲಗೈಯಿಂದ ಶೂಟ್ ಮಾಡುತ್ತಿದ್ದವರು. 1938ರಲ್ಲಿ ಗ್ರೆನೇಡ್ ಸಿಡಿದು ಬಲಗೈ ಹಾನಿಗೊಂಡ ಮೇಲೆ ಎಡಗೈಯಲ್ಲಿ ಕಲಿತು, 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಿನಲ್ಲಿ ಚಿನ್ನ ಗೆದ್ದರು. ಇಡೀ ಕಥೆಯ ಜೀವವೇ ಅಲ್ಲಿದೆ, ಅದನ್ನೇ ಬಿಟ್ಟರೆ ಹೇಗೆ?

ಎಡಗೈ ಪಿಸ್ತೂಲು:
ಕಥೆ ಮತ್ತೆ ಮತ್ತೆ ಬಂದರೆ ತಪ್ಪೇನು? ಹೊಸಬರು ಪ್ರತಿ ವರ್ಷ ಸೇರುತ್ತಾರೆ. ಅವರಿಗೆ ಅದು ಮೊದಲ ಓದು.

ಹಳೆಯ ಸಂಚಿಕೆಗಳ ಓದುಗ:
ಮತ್ತೆ ಬರಲಿ, ಆದರೆ ನಮ್ಮ ಸದಸ್ಯರ ಅನುಭವದೊಂದಿಗೆ ಜೋಡಿಸಿಕೊಂಡು ಬರಲಿ. 2004ರ ಅಥೆನ್ಸ್‌ನಲ್ಲಿ ಅಮೆರಿಕದ ಮ್ಯಾಥ್ಯೂ ಎಮನ್ಸ್ 50 ಮೀಟರ್ ಮೂರು ಭಂಗಿಗಳ ಫೈನಲ್‌ನಲ್ಲಿ ಮುಂದಿದ್ದರು. ಕೊನೆಯ ಹೊಡೆತವನ್ನು ಪಕ್ಕದ ಲೇನಿನ ಟಾರ್ಗೆಟ್‌ಗೆ ಹೊಡೆದು ಶೂನ್ಯ ಪಡೆದು ಎಂಟನೆಯ ಸ್ಥಾನಕ್ಕೆ ಇಳಿದರು. ಇದನ್ನು ಯಾರು ಬೇಕಾದರೂ ಹುಡುಕಿ ಓದಬಹುದು. ನಮ್ಮ ರೇಂಜಿನಲ್ಲಿಯೂ ಪಕ್ಕದ ಟಾರ್ಗೆಟ್‌ಗೆ ಹೊಡೆದವರಿದ್ದಾರೆ, ಅದಾದ ಮೇಲೆ ಲೇನಿನ ಸಂಖ್ಯೆಯನ್ನು ಪ್ರತಿ ಹೊಡೆತಕ್ಕೂ ನೋಡುವ ಅಭ್ಯಾಸ ಬೆಳೆಸಿಕೊಂಡವರಿದ್ದಾರೆ. ಅವರು ಬರೆದರೆ ಎಮನ್ಸ್ ಅವರ ಕಥೆಗೂ ನಮ್ಮ ಪತ್ರಿಕೆಯಲ್ಲಿ ಸ್ಥಾನ ಸಿಕ್ಕುತ್ತದೆ.

ಕಿರಿಯ ಶೂಟರ್ ಒಬ್ಬಳ ತಾಯಿ:
ಚರಿತ್ರೆಯ ಮಾತು ಬಂದದ್ದರಿಂದ ಹೇಳುತ್ತೇನೆ. 1992ರಲ್ಲಿ ಬಾರ್ಸಿಲೋನಾದಲ್ಲಿ ಪುರುಷರು, ಮಹಿಳೆಯರು ಒಟ್ಟಿಗೆ ಸ್ಪರ್ಧಿಸಿದ, ಶಾಟ್‌ಗನ್ ವಿಭಾಗದ ಸ್ಕೀಟ್‌ನಲ್ಲಿ ಚೀನಾದ ಝಾಂಗ್ ಶಾನ್ ಚಿನ್ನ ಗೆದ್ದರು. 1996ರಲ್ಲಿ ಮಹಿಳೆಯರು ಭಾಗವಹಿಸಬಹುದಾದ ಸ್ಕೀಟ್ ಸ್ಪರ್ಧೆಯೇ ಇರಲಿಲ್ಲ. ನನ್ನ ಮಗಳು ಇದನ್ನು ತಿಳಿದ ದಿನ ಒಂದು ಪುಟ ಬರೆದಳು. ಅದನ್ನು ಕಳುಹಿಸಲು ನನಗೆ ಆಸೆಯಿದೆ, ಆದರೆ ಅವಳ ಫೋಟೋ, ಶಾಲೆಯ ಹೆಸರು ಮತ್ತು ಅವಳು ಅಭ್ಯಾಸಕ್ಕೆ ಬರುವ ವೇಳೆ ಪತ್ರಿಕೆಯಲ್ಲಿ ಬರುವುದು ನನಗೆ ಬೇಡ.

ಪತ್ರಿಕೆಯ ಸಂಪಾದಕಿ:
ಖಂಡಿತ ಬರುವುದಿಲ್ಲ, ದಯವಿಟ್ಟು ಕಳುಹಿಸಿ. ಹದಿನೆಂಟು ತುಂಬದವರ ಹೆಸರನ್ನೂ ಪಾಲಕರು ಹೇಳಿದ ರೀತಿಯಲ್ಲಿಯೇ ಹಾಕುತ್ತೇವೆ, ಫೋಟೋಗೆ ಲಿಖಿತ ಒಪ್ಪಿಗೆ ಇಲ್ಲದಿದ್ದರೆ ಫೋಟೋ ಇಲ್ಲ.

ರೇಂಜ್ ಅಧಿಕಾರಿ:
ಫೋಟೋಗಳ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟಾಗಿರಬೇಕು ಎನ್ನುತ್ತೇನೆ, ಏಕೆಂದರೆ ಲೇಖನ ಓದದವರೂ ಫೋಟೋ ನೋಡುತ್ತಾರೆ ಮತ್ತು ನೋಡಿದ್ದನ್ನು ಅನುಕರಿಸುತ್ತಾರೆ. ಶೂಟ್ ಮಾಡುತ್ತಿಲ್ಲದ ವ್ಯಕ್ತಿಯ ಬೆರಳು ಟ್ರಿಗರಿನ ಮೇಲಿದ್ದರೆ ಆ ಫೋಟೋ ಬೇಡ. ಬ್ಯಾರಲ್ ಟಾರ್ಗೆಟ್‌ನ ದಿಕ್ಕಿಗಲ್ಲದೆ ಕ್ಯಾಮೆರಾದ ಕಡೆಗೆ ತಿರುಗಿದ್ದರೆ, ಬಂದೂಕು ಖಾಲಿ ಇತ್ತು ಎಂಬ ವಿವರಣೆ ನನಗೆ ಬೇಕಿಲ್ಲ. ಮೇಜಿನ ಮೇಲೆ ಇಟ್ಟಿರುವ ರೈಫಲಿನ ಚೇಂಬರಿನಲ್ಲಿ ಅದು ಖಾಲಿ ಎಂದು ತೋರಿಸುವ ಕಿತ್ತಳೆ ಬಣ್ಣದ ಸೇಫ್ಟಿ ಫ್ಲ್ಯಾಗ್ ಕಾಣಿಸಬೇಕು. ಗುಂಡಿನ ಬಂದೂಕುಗಳ ರೇಂಜಿನ ಚಿತ್ರವಾದರೆ ಕಿವಿಯ ರಕ್ಷಣೆ ಇರಬೇಕು. ಬಂದೂಕಿನ ಮೇಲಿನ ಕ್ರಮಸಂಖ್ಯೆ ಓದುವಂತಿದ್ದರೆ ಮರೆಮಾಡಬೇಕು. ಯಾರ ಮನೆಯಲ್ಲಿ ಯಾವ ಬಂದೂಕು ಇದೆ, ಅದನ್ನು ಎಲ್ಲಿ ಇಡುತ್ತಾರೆ ಎಂಬ ವಿವರ ಎಷ್ಟೇ ಸ್ವಾರಸ್ಯವಾಗಿದ್ದರೂ ಸದಸ್ಯರ ಪರಿಚಯ ಲೇಖನದಲ್ಲಿ ಬರಕೂಡದು. ಪತ್ರಿಕೆ ಸದಸ್ಯರ ಕೈಯಲ್ಲಿಯೇ ಉಳಿಯುತ್ತದೆ ಎಂದು ಭಾವಿಸುವುದು ತಪ್ಪು.

ಟ್ರ್ಯಾಪ್ ವಿಭಾಗ:
ಮುಖಪುಟಕ್ಕೆ ನಾನು ಕೊಟ್ಟ ಫೋಟೋ ತಿರಸ್ಕೃತವಾದದ್ದು ಈ ಕಾರಣಕ್ಕೇ?

ರೇಂಜ್ ಅಧಿಕಾರಿ:
ಹೌದು. ಹಿನ್ನೆಲೆಯಲ್ಲಿ ನಿಂತವರೊಬ್ಬರ ಶಾಟ್‌ಗನ್ ಖಾಲಿ ಎಂದು ಕಾಣುವಂತೆ ಮಡಚಿ ತೆರೆದಿರಲಿಲ್ಲ. ಕಾರಣವನ್ನು ನಿಮಗೆ ಆಗಲೇ ತಿಳಿಸಬೇಕಾಗಿತ್ತು ಎಂಬುದನ್ನೂ ಸಂಪಾದಕಿಯವರಿಗೆ ಹೇಳುತ್ತೇನೆ. ಕಾರಣ ತಿಳಿಯದೆ ತಿರಸ್ಕೃತರಾದವರು ಎರಡನೆಯ ಬಾರಿ ಕಳುಹಿಸುವುದಿಲ್ಲ.

ಸ್ಟ್ಯಾಂಡ್ ಬಳಸುವವನು:
ನಾನು ಪ್ಯಾರಾ ಶೂಟಿಂಗಿನ ಎಸ್‌ಎಚ್2 ವಿಭಾಗದಲ್ಲಿ ಶೂಟ್ ಮಾಡುತ್ತೇನೆ. ರೈಫಲಿನ ಭಾರವನ್ನು ನನ್ನ ತೋಳುಗಳು ಹೊರಲಾರವಾದ್ದರಿಂದ ಸ್ಪ್ರಿಂಗ್ ಇರುವ ಸ್ಟ್ಯಾಂಡಿನ ಮೇಲೆ ಅದನ್ನು ಇಟ್ಟು ಗುರಿ ಹಿಡಿಯುತ್ತೇನೆ. ಪತ್ರಿಕೆಯಲ್ಲಿ ನನ್ನ ಬಗ್ಗೆ ಒಂದು ಲೇಖನ ಬಂದಿದೆ. ಅದರ ತುಂಬ ನನ್ನ ಧೈರ್ಯದ ಪ್ರಶಂಸೆ ಇತ್ತು, ನನ್ನ ಶೂಟಿಂಗ್ ಬಗ್ಗೆ ಒಂದು ವಾಕ್ಯವೂ ಇರಲಿಲ್ಲ. ಬರೆದವರ ಮನಸ್ಸು ಒಳ್ಳೆಯದು ಎಂದು ಗೊತ್ತು, ಆದರೂ ಓದಿ ಬೇಸರವಾಯಿತು. ಸ್ಟ್ಯಾಂಡ್ ಇದ್ದರೆ ರೈಫಲ್ ಅಲುಗಾಡುವುದೇ ಇಲ್ಲ ಎಂದು ಬಹಳ ಮಂದಿ ತಿಳಿದಿದ್ದಾರೆ. ಸ್ಪ್ರಿಂಗ್ ನನ್ನ ಉಸಿರಾಟದ ಪ್ರತಿ ಏರಿಳಿತವನ್ನೂ ತೋರಿಸುತ್ತದೆ, ಕೆನ್ನೆಯ ಒತ್ತಡ ಕೊಂಚ ಹೆಚ್ಚಾದರೂ ಸೈಟು ಮೇಲೆ ಕೆಳಗೆ ತೂಗುತ್ತದೆ. ಅದನ್ನು ಹೇಗೆ ಹತೋಟಿಗೆ ತಂದುಕೊಂಡೆ ಎಂಬುದನ್ನು ನಾನೇ ಬರೆಯಬಲ್ಲೆ. ಟೈಪ್ ಮಾಡುವುದು ನನಗೆ ಕಷ್ಟ, ಅಷ್ಟೆ.

ಹೊಸ ಸದಸ್ಯೆ:
ಸರ್, ತಾವು ಧ್ವನಿಮುದ್ರಿಸಿ ಕೊಟ್ಟರೆ ನಾನು ಟೈಪ್ ಮಾಡಿಕೊಡುತ್ತೇನೆ. ತಮ್ಮ ಮಾತನ್ನು ಬದಲಾಯಿಸದೆ, ಮುಗಿದ ಮೇಲೆ ತಮಗೆ ಓದಿ ಹೇಳುತ್ತೇನೆ.

ಸ್ಟ್ಯಾಂಡ್ ಬಳಸುವವನು:
ಬಹಳ ಸಂತೋಷ, ತಂಗಿ. ಈ ವಾರವೇ ಮಾಡೋಣ.

ಹಿರಿಯ ಸದಸ್ಯ:
ಇದೇ ವ್ಯವಸ್ಥೆಯನ್ನು ನಮ್ಮ ರೈಫಲ್ ದುರಸ್ತಿ ಮಾಡುವ ಹಿರಿಯರಿಗೂ ಮಾಡಬೇಕು. ಪೆನ್ನು ಹಿಡಿ ಎಂದರೆ ಅವರು ಹಿಡಿಯುವುದಿಲ್ಲ, ಆದರೆ ಏರ್ ಸಿಲಿಂಡರಿನ ಮೇಲಿನ ತಯಾರಿಕೆಯ ದಿನಾಂಕವನ್ನು ಏಕೆ ನೋಡಬೇಕು, 200 ಬಾರ್ ಒತ್ತಡ ತುಂಬುವ ಪಾತ್ರೆಯ ಅವಧಿ ಮೀರಿದರೆ ಏಕೆ ಬಳಸಬಾರದು ಎಂದು ಕೇಳಿದರೆ ಒಂದು ಗಂಟೆ ವಿವರಿಸುತ್ತಾರೆ. ಅವರ ತಿಳಿವಳಿಕೆ ಎಲ್ಲಿಯೂ ದಾಖಲಾಗಿಲ್ಲ.

ತಂತ್ರಾಂಶ ಆಸಕ್ತ:
ಇಷ್ಟೆಲ್ಲ ಶ್ರಮ ಏಕೆ? ವಿಷಯ ಕೊಟ್ಟರೆ ಲೇಖನ ಬರೆದುಕೊಡುವ ತಂತ್ರಾಂಶಗಳು ಈಗ ಇವೆ. ಪುಟ ತುಂಬುವುದೇ ಸಮಸ್ಯೆಯಾದರೆ ಪರಿಹಾರ ಸುಲಭ.

ಐವತ್ತು ಮೀಟರ್:
ಪುಟ ತುಂಬುವುದು ಸಮಸ್ಯೆಯೇ ಅಲ್ಲ. ನಮ್ಮ ಎರಡನೆಯ ಲೇನಿನಲ್ಲಿ ಸಂಜೆಯ ಬೆಳಕು ಓರೆಯಾಗಿ ಬೀಳುವಾಗ ಮುಂಬದಿಯ ಸೈಟಿನ ಉಂಗುರ ಹೇಗೆ ಕಾಣುತ್ತದೆ ಎಂಬುದು ಅಲ್ಲಿ ಮಲಗಿ ಶೂಟ್ ಮಾಡಿದವರಿಗೆ ಮಾತ್ರ ಗೊತ್ತು. ಸದಸ್ಯರ ಪತ್ರಿಕೆ ಇರುವುದು ಅಂಥ ಮಾತಿಗಾಗಿ.

ಪತ್ರಿಕೆಯ ಸಂಪಾದಕಿ:
ಕಾಗುಣಿತ ನೋಡಿಕೊಳ್ಳಲು ತಂತ್ರಾಂಶದ ನೆರವು ಪಡೆಯುವುದಕ್ಕೆ ನನ್ನ ಅಡ್ಡಿಯಿಲ್ಲ. ತಾವು ಮಾಡದ ಅಭ್ಯಾಸವನ್ನು ಮಾಡಿದಂತೆ ಬರೆದ ಲೇಖನವನ್ನು ಮಾತ್ರ ಸ್ವೀಕರಿಸುವುದಿಲ್ಲ. ಐವತ್ತು ಮೀಟರ್ ಅವರೇ, ಎರಡನೆಯ ಲೇನಿನ ಬೆಳಕಿನ ಬಗ್ಗೆ ನೀವೇ ಬರೆಯಬಾರದೇಕೆ? ದಶಮಾಂಶಗಳ ಜವಾಬ್ದಾರಿ ನನ್ನದು.

ಐವತ್ತು ಮೀಟರ್:
ಅಚ್ಚಿಗೆ ಹೋಗುವ ಮೊದಲು ಪ್ರತಿಯನ್ನು ತೋರಿಸುವುದಾದರೆ ಬರೆಯುತ್ತೇನೆ. ಎಷ್ಟು ಉದ್ದವಿರಬೇಕು?

ಪತ್ರಿಕೆಯ ಸಂಪಾದಕಿ:
400 ಪದ ಸಾಕು, ಹೇಳುವುದು ಹೆಚ್ಚಿದ್ದರೆ ಹೆಚ್ಚಿರಲಿ. ಒಂದೇ ವಿಷಯ, ಬಳಸಿದ ರೈಫಲಿನ ಬಗೆ, ದೂರ, ಬೆಳಕು ಗಾಳಿಯ ಸ್ಥಿತಿ ಮತ್ತು ಏನು ಬದಲಾಯಿಸಿದಿರಿ ಎಂಬುದು ಇದ್ದರೆ ಓದುವವರು ಅದನ್ನು ತಮ್ಮ ಅಭ್ಯಾಸದೊಂದಿಗೆ ಹೋಲಿಸಿ ನೋಡಬಹುದು. ಗ್ರೂಪ್‌ನ ಚಿತ್ರವಿದ್ದರೆ ಬಹಳ ಒಳ್ಳೆಯದು.

ಹೊಸ ಸದಸ್ಯೆ:
ಗ್ರೂಪ್‌ನ ಚಿತ್ರವನ್ನು ಕೈಯಲ್ಲಿ ಬಿಡಿಸಿ ಕೊಡಬಹುದೇ, ಅಥವಾ ಟಾರ್ಗೆಟ್‌ನ ಫೋಟೋವೇ ಬೇಕೇ? ನನ್ನ ಹೊಡೆತಗಳು ಇನ್ನೂ ಏಳು ಎಂಟರ ವೃತ್ತಗಳಲ್ಲಿವೆ, ಅದನ್ನು ಪ್ರಕಟಿಸಲು ಅಡ್ಡಿಯಿಲ್ಲವೇ?

ಕೋಚ್:
ಏಳು ಎಂಟರ ವೃತ್ತಗಳದ್ದನ್ನೇ ಕೊಡಮ್ಮ. ಪ್ರತಿ ಹೊಡೆತದ ಪಕ್ಕದಲ್ಲಿ ಅದರ ಕ್ರಮಾಂಕವನ್ನು ತಪ್ಪದೆ ಬರೆ. ಮೊದಲ ಐದು ಹೊಡೆತಗಳು ಎಲ್ಲಿವೆ, ಕೊನೆಯ ಐದು ಎಲ್ಲಿವೆ ಎಂದು ಕಂಡರೆ ದಣಿವಿನಿಂದ ಸರಿದದ್ದೋ, ಹಿಡಿತದಿಂದ ಸರಿದದ್ದೋ ಎಂದು ನಾನು ಟಿಪ್ಪಣಿ ಬರೆಯಬಹುದು.

ಪತ್ರಿಕೆಯ ಸಂಪಾದಕಿ:
ಕಾಗದದ ಟಾರ್ಗೆಟ್ ಆದರೆ ನೇರ ಮೇಲಿನಿಂದ, ನೆರಳು ಬೀಳದಂತೆ ಫೋಟೋ ತೆಗೆಯಿರಿ. ಎಲೆಕ್ಟ್ರಾನಿಕ್ ಟಾರ್ಗೆಟ್ ಆದರೆ ಹೊಡೆತಗಳ ಮುದ್ರಿತ ಹಾಳೆಯನ್ನೇ ಕಳುಹಿಸಿ, ಅದರಲ್ಲಿ ಕ್ರಮಾಂಕ ಇರುತ್ತದೆ. ಕೈಯಲ್ಲಿ ಬಿಡಿಸುವುದಾದರೆ ಖಾಲಿ ಟಾರ್ಗೆಟ್ ಹಾಳೆಯ ಮೇಲೆಯೇ ಗುರುತಿಸಿ, ಆಗ ಅಳತೆ ತಪ್ಪುವುದಿಲ್ಲ.